ಕರೆಯದ ಬೇರು

ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಡೋಣಿ ಕಣಿವೆ ಪೂರ್ತಿ ಕಪ್ಪಾಗಿತ್ತು. ಕಪ್ಪಾಗಿದ್ದರೆ ಒಳ್ಳೆಯದು. ಎಂಬತ್ತು ಸಾವಿರ ಎಕರೆಯಲ್ಲಿ ಒಂದೇ ಒಂದು ಬೇರೂ ಬಾಯಿ ಬಿಡುತ್ತಿಲ್ಲ ಎಂದು ಅದರ ಅರ್ಥ. ನಿಯಂತ್ರಣ ಕೊಠಡಿಯ ಮುಖ್ಯಸ್ಥೆ ಡಾಕ್ಟರ್ ಮಹಾನಂದಾ ಮುಳವಾಡ ಎಂಟು ವರ್ಷದಿಂದ ಬೆಳಿಗ್ಗೆ ಆ ಪರದೆಯ ಮುಂದೆ ನಿಂತೇ ಚಹಾ ಕುಡಿಯುವವಳು. ಆ ದಿನ ಲೋಟ ಇನ್ನೂ ತುಟಿಗೆ ಮುಟ್ಟಿರಲಿಲ್ಲ, ಕರಿಹಾಳ ಎಂಬ ಊರಿನ ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ ಮಿಣುಕತೊಡಗಿತು.

“ಮೇಡಂ, ಒಂದ್ ಹೊಲ ಕರಿಯಾಕತ್ತೈತ್ರೀ,” ಎಂದ ಖಾಜಾಸಾಬ. ಪರದೆ ನೋಡಿಕೊಳ್ಳುವುದೇ ಅವನ ಕೆಲಸ. ಹದಿನೈದು ವರ್ಷದಿಂದ ಮಹಾನಂದಾಳ ಜೊತೆಗೇ ಇದ್ದವನು.

ಹೊಲ ಕರೆಯುವುದು ಅಂದರೇನು ಎಂದು ಹೊಸಬರಿಗೆ ಹೇಳಬೇಕು. ಗಜ್ಜರಿಗೆ, ಮಾಗಿದ ಮಾವಿಗೆ ಬಣ್ಣ ಕೊಡುವ ವಸ್ತು ಇದೆಯಲ್ಲ, ಅದೇ ಕುಲದ ಬಣ್ಣ ಗಿಡಗಳ ಬೇರಿನಲ್ಲೂ ಇರುತ್ತದೆ. ಮಣ್ಣಿನಲ್ಲಿ ರಂಜಕ ಸಾಲದೆ ಹಸಿವಾದಾಗ ಬೇರು ಆ ಬಣ್ಣದ ಒಂದು ತುಣುಕನ್ನು ಕತ್ತರಿಸಿ, ಒಂದಿಷ್ಟು ತಿದ್ದಿ, ಹೊರಗೆ ಬಿಡುತ್ತದೆ. ಅದೇ ಕರೆ. ಕೂದಲಿಗಿಂತ ತೆಳ್ಳಗಿನ ಎಳೆಗಳ ಒಂದು ಬೂಜು ಅದನ್ನು ಕೇಳಿಸಿಕೊಂಡು ಬರುತ್ತದೆ, ಬೇರಿನೊಳಗೆ ಮನೆ ಮಾಡುತ್ತದೆ, ಬೇರಿಗೆ ಎಟುಕದ ಮೂಲೆಯಿಂದ ರಂಜಕ ಹೊತ್ತು ತರುತ್ತದೆ. ಗಿಡ ಅದಕ್ಕೆ ಸಕ್ಕರೆ ಉಣಿಸುತ್ತದೆ. ತೊಂದರೆ ಏನೆಂದರೆ, ಕೂಗಿದ ಮಾತು ಎಲ್ಲರ ಕಿವಿಗೂ ಬೀಳುತ್ತದೆ. ಬಿಳಿಕಸ ಎಂಬ ಕಳೆಯ ಬೀಜ, ಸಾಸಿವೆಗಿಂತ ಎಷ್ಟೋ ಪಾಲು ಸಣ್ಣದು, ಮಣ್ಣಿನಲ್ಲಿ ಹದಿನೈದು ಇಪ್ಪತ್ತು ವರ್ಷ ಸುಮ್ಮನೆ ಬಿದ್ದುಕೊಂಡಿರುತ್ತದೆ. ಈ ಕರೆ ಕೇಳಿದ್ದೇ ಮೊಳೆತು ಜೋಳದ ಬೇರಿಗೆ ಬಾಯಿ ಹಾಕುತ್ತದೆ. ಕರೆದದ್ದು ನೆಂಟನನ್ನು, ಬಂದದ್ದು ಕಳ್ಳ ಎಂಬಂತಾಗಿ, ಒಂದು ಕಾಲಕ್ಕೆ ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ಹೆಸರಾದ ಸೀಮೆಯಲ್ಲಿ ಮೊಣಕಾಲೆತ್ತರದ ಬಿಳಿ ಹೂ ಬಿಟ್ಟರೆ ಬೇರೇನೂ ಕಾಣದ ವರ್ಷಗಳು ಬಂದವು.

ಆಗ ಮಹಾನಂದಾ ‘ಮೌನಿ’ ತಂದಳು. ಕರೆಯುವ ಶಕ್ತಿಯನ್ನೇ ಬೇರಿನಿಂದ ತೆಗೆದುಹಾಕಿದ ಜೋಳ. ಕರೆಯೇ ಇಲ್ಲದ ಮೇಲೆ ಕಳ್ಳ ಏಳುವುದೆಲ್ಲಿಂದ? ಎರಡೇ ವರ್ಷದಲ್ಲಿ ಕಣಿವೆಯ ತುಂಬ ಮೌನಿ ನಿಂತಿತು. ಊರೂರಲ್ಲಿ ಅವಳಿಗೆ ಶಾಲು ಹೊದಿಸಿ ಹಾರ ಹಾಕಿದರು. ಕಳ್ಳನನ್ನು ಎಬ್ಬಿಸುವ ಯಾವ ಗಿಡವೂ ಕಣಿವೆಯಲ್ಲಿ ಇರಕೂಡದೆಂದು ನಿಯಮ ಬಂತು. ಕಡಲೆ, ಕುಸುಬೆ, ಅಗಸೆ ಎಲ್ಲ ಹೊಳೆಯಾಚೆ ಹೋದವು. ಕರೆ ಕೇಳಿಸಿಕೊಳ್ಳುವ ಕೋಲುಗಳನ್ನು ಹೊಲದಲ್ಲಿ ಹೂತರು. ಯಾವ ಗಿಡ ಕರೆಯಿತು ಎಂದು ಹೇಳುವ ಜಾಣತನ ಕೋಲಿಗಿರಲಿಲ್ಲ. ಯಾರೋ ಕರೆದರು ಎಂದಷ್ಟೇ ಹೇಳುತ್ತಿತ್ತು, ಅಷ್ಟಕ್ಕೇ ಆ ಹೊಲಕ್ಕೆ ಉಗಿಗಾಡಿ ಹೋಗುತ್ತಿತ್ತು. ಚಾಲಕನಿಲ್ಲದ ಆ ಗಾಡಿ ಒಂದೂವರೆ ಅಡಿ ಆಳಕ್ಕೆ ಕುದಿಯುವ ಉಗಿ ನುಗ್ಗಿಸಿ ಬೀಜ, ಬೇರು, ಹುಳ, ಹುಪ್ಪಟೆ ಎಲ್ಲವನ್ನೂ ಬೇಯಿಸಿ ಬರುತ್ತಿತ್ತು.

“ಯಾರ ಹೊಲ?” ಎಂದಳು ಮಹಾನಂದಾ.

“ಬೌರವ್ವ ಅಂತ್ರೀ. ಒಂದೂವರಿ ಎಕರೆ. ಸಣ್ಣ ಹೊಲಕ್ಕ ಈ ತಿಂಗಳಿಂದ ಕೋಲ್ ಹಾಕಾಕತ್ತೀವಲ್ಲ, ಅಲ್ಲಿ ಹಾಕಿ ಒಂಬತ್ತ ದಿನಾತು. ದಿನಾ ಒಂದೀಟ ಒಂದೀಟ ದನಿ ಏರ್ಯಾದ. ಇವತ್ತ ಗೆರಿ ದಾಟೈತಿ.” ಖಾಜಾಸಾಬ ಆಕಾಶದಿಂದ ತೆಗೆದ ಚಿತ್ರವನ್ನು ಹಿಗ್ಗಿಸಿದ. ಸುತ್ತಲ ಹೊಲಗಳ ಜೋಳದ ಎಲೆಗಳು ನೇರಳೆಗೆ ತಿರುಗಿದ್ದವು. ಮೂರು ವರ್ಷದಿಂದ ಕಣಿವೆಯ ಬಣ್ಣವೇ ಅದು. ರಂಜಕದ ಹಸಿವು ಎಂದು ಎಲ್ಲರಿಗೂ ಗೊತ್ತು, ಅದಕ್ಕೆಂದೇ ಗೊಬ್ಬರದ ಮೇಲೆ ಗೊಬ್ಬರ ಸುರಿಯುತ್ತಿದ್ದರು. ಮಧ್ಯದಲ್ಲಿ ಈ ಒಂದೂವರೆ ಎಕರೆ ಮಾತ್ರ ಹಚ್ಚಗಿತ್ತು.

ಮಹಾನಂದಾ ಆ ಹಸಿರನ್ನು ನೋಡಿದಳು. ಬೌರವ್ವ ಎಂಬ ಹೆಸರು ಎಲ್ಲೋ ಕೇಳಿದ್ದು ಎನಿಸಿತು. ಆದರೆ ತಲೆಯ ತುಂಬ ಮರುದಿನ ಹನ್ನೊಂದು ಗಂಟೆಯ ಸಭೆ ಇತ್ತು. ಇನ್ನೂ ಮೂರು ಜಿಲ್ಲೆಗಳಿಗೆ ಮೌನಿಯನ್ನು ಒಯ್ಯುವುದಕ್ಕೆ ಅವಳು ಸಹಿ ಹಾಕಬೇಕಿತ್ತು. ಮರುದಿನ ಬೆಳಿಗ್ಗೆ ಎಂಟಕ್ಕೆ ಉಗಿಗಾಡಿ ಕಳಿಸುವ ಆದೇಶಕ್ಕೆ ಬೆರಳೊತ್ತಿ ಆಚೆ ಹೋದಳು.

ಮರುದಿನ ಬೆಳಗಾಗುತ್ತಲೇ ಮನೆಯಲ್ಲಿ ಅತ್ತೆ ಗುರಸಿದ್ದವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸದ್ದೇ ಸರಿಯಿರಲಿಲ್ಲ. ಒಳ್ಳೆಯ ಹಿಟ್ಟಾದರೆ ಪಟಪಟ ಎಂದು ಒಂದೇ ಲಯ. ಈಗ ನಾಲ್ಕು ಬಡಿದು ನಿಲ್ಲಿಸಿ, ಹರಿದ ಅಂಚನ್ನು ಒದ್ದೆ ಬೆರಳಿನಿಂದ ಕೂಡಿಸಿ, ಮತ್ತೆ ನಾಲ್ಕು.

“ಜಿಗಿನ ಇಲ್ಲ ನೋಡವಾ ಈ ಹಿಟ್ಟಿಗೆ,” ಎಂದಳು ಅತ್ತೆ. “ಕುದಿಯೂ ನೀರ ಹಾಕಿ ನಾದೀನಿ. ಉದ್ದಿನ ಹಿಟ್ಟೂ ಕೂಡಿಸೀನಿ. ಆದ್ರೂ ಹರೀತದ. ಒಂದೀಟು ಅಗಸಿ ಹಿಂಡಿ ಇದ್ರ ಹೆಂಗರೆ ಗಂಟಲ್ದಾಗ ಇಳೀತಿತ್ತು.”

“ಸಂತ್ಯಾಂದು ತಂದಿಟ್ಟೀನಲ್ರೀ ಅತ್ತಿ, ಡಬ್ಬ್ಯಾಗ ಅದ.”

“ಆ ಪಾಕೀಟಿಂದಾ? ಅದಕ್ಕ ಹಿಂಡಿ ಅಂತಾರೇನು? ಬೌರವ್ವ ತಂದುಕೊಡ್ತಿದ್ದಳಲ್ಲ, ನಿನ್ನ ಹೊಲದಾಂದು, ಅದು ಹಿಂಡಿ.”

ಮಹಾನಂದಾ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟಳು. “ನನ್ನ ಹೊಲದಾಗ ಅಗಸಿ ಎಲ್ಲಿತ್ರೀ?”

“ಅದ, ನೀ ಪರೀಕ್ಷಾ ಮಾಡ್ತಿದ್ದೆಲ್ಲ, ಆ ಹೊಲ. ಮೂರು ವರ್ಷ ತಂದಾಳ, ವರ್ಷಕ್ಕೊಂದು ಸೇರು. ನಿನಗ ಹೇಳಬ್ಯಾಡ ಅಂದಿದ್ಳು, ಬೈತಾರ ಅಂತ. ಅಕ್ಕಡಿ ಇಲ್ದ ಹೊಲ ಎಲ್ಲ್ಯಾರ ಇರ್ತದೇನು?”

ಅಕ್ಕಡಿ ಎಂದರೆ ಆ ಸೀಮೆಯ ಹೆಂಗಸರ ಕೆಲಸ. ಗಂಡಸರು ಜೋಳ ಬಿತ್ತುತ್ತ ಹೋದಂತೆ, ಹತ್ತು ಹನ್ನೆರಡು ಸಾಲಿಗೊಂದರಂತೆ ಹೆಂಗಸರು ಉಡಿಯಲ್ಲಿ ತಂದ ಅಗಸೆಯನ್ನೋ ಕುಸುಬೆಯನ್ನೋ ಬಿಡುತ್ತ ಹೋಗುತ್ತಾರೆ. ಆ ಸಾಲಿನದು ಅಡುಗೆಮನೆಗೆ ಸೇರಿದ್ದು. ಅದನ್ನು ಯಾರೂ ಬೆಳೆ ಎಂದು ಎಣಿಸುವುದಿಲ್ಲ. ಏನು ಬಿತ್ತಿದಿ ಎಂದು ಯಾರನ್ನೇ ಕೇಳಿ, ಜೋಳ ಎನ್ನುತ್ತಾರೆ. ಹೊಲದ ಉದ್ದಕ್ಕೂ ಅಗಸೆ ನೀಲಿ ಹೂ ಬಿಟ್ಟು ತೂಗುತ್ತಿದ್ದರೂ ಜೋಳ ಎಂದೇ ಹೇಳುತ್ತಾರೆ.

ಈಗ ಆ ಹೆಸರು ಎಲ್ಲಿ ಕೇಳಿದ್ದೆಂದು ಮಹಾನಂದಾಳಿಗೆ ನೆನಪಾಯಿತು. ಪ್ರಯೋಗದ ನಾಲ್ಕನೆಯ ವರ್ಷ, ಮೌನಿಯನ್ನು ಪರೀಕ್ಷಿಸಲು ದೊಡ್ಡ ಸಮಿತಿ ಬರುವ ಹಿಂದಿನ ದಿನ. ತಾಕುಗಳ ನಡುವೆ ನೀಲಿ ಹೂ ಕಂಡು ಅವಳು ಕೆಂಡವಾಗಿದ್ದಳು. ಎಲ್ಲ ಕೀಳಿಸಿ, ಬಿತ್ತಿದ್ದು ಯಾರೆಂದು ಕೇಳಿ, ಕೂಲಿಯ ಬೌರವ್ವನನ್ನು ಅವತ್ತೇ ಕೆಲಸದಿಂದ ತೆಗೆದುಹಾಕಿದ್ದಳು. ಆಮೇಲೆ ವರದಿಯಲ್ಲಿ ಶುದ್ಧ ಜೋಳ, ನಾಲ್ಕು ವರ್ಷ ಎಂದು ಬರೆದಳು. ಸುಳ್ಳು ಬರೆಯುತ್ತಿದ್ದೇನೆ ಎಂದು ಅವಳಿಗೆ ಅನಿಸಿರಲೇ ಇಲ್ಲ. ಅವಳೂ ಆ ಸೀಮೆಯ ಮಗಳೇ ತಾನೆ, ಅಕ್ಕಡಿಯನ್ನು ಯಾರು ಬರೆಯುತ್ತಾರೆ?

ಅವಳು ಎದ್ದು ಟ್ರಂಕು ತೆಗೆದು ಹಳೆಯ ಪುಸ್ತಕ ಹುಡುಕಿದಳು. ಪ್ರತಿ ವರ್ಷ ಜೋಳದ ಬೇರಿನಲ್ಲಿ ಬೂಜು ಎಷ್ಟಿದೆ ಎಂದು ನೋಡಿ ಬರೆದಿದ್ದಳು. ಮೊದಲ ವರ್ಷ ನೂರಕ್ಕೆ ಅರವತ್ತು. ಎರಡನೆಯದು ಅರವತ್ತೆರಡು, ಮೂರನೆಯದು ಐವತ್ತೊಂಬತ್ತು, ನಾಲ್ಕನೆಯದು ಅರವತ್ತು. ಜೋಳ ಕರೆಯದಿದ್ದರೂ ಬೂಜು ಇದ್ದೇ ಇದೆ ಎಂದು ಆಗ ಎಷ್ಟು ಹಿಗ್ಗಿದ್ದಳು! ಮೌನಿಯಿಂದ ಮಣ್ಣಿಗೆ ಕೇಡಿಲ್ಲ ಎಂದು ಜಗತ್ತಿಗೆಲ್ಲ ಹೇಳಿದ್ದು ಇದೇ ನಾಲ್ಕು ಅಂಕಿಗಳನ್ನು ಹಿಡಿದು. ಐದನೆಯ ವರ್ಷದ ಪುಟ ಖಾಲಿ. ಒಪ್ಪಿಗೆ ಬಂದ ಮೇಲೆ ಮತ್ತೆ ನೋಡುವ ಗೊಡವೆಗೆ ಯಾರೂ ಹೋಗಲಿಲ್ಲ.

ಜೋಳ ಕರೆದಿರಲಿಲ್ಲ, ಅಗಸೆ ಕರೆದಿತ್ತು. ಬೂಜು ಅಗಸೆಯ ಮನೆಗೆ ಬಂದು, ಪಕ್ಕದ ಜೋಳಕ್ಕೂ ಕೈ ಚಾಚಿತ್ತು. ಬಿಳಿಕಸದ ಬೀಜವೂ ಆ ಕರೆಗೆ ಮೊಳೆತಿರಬೇಕು. ಆದರೆ ಅಗಸೆಯ ಬೇರನ್ನು ಕಚ್ಚಲಾರದೆ, ಉಣ್ಣಲು ಏನೂ ಸಿಗದೆ ಅಲ್ಲಿಂದಲ್ಲಿಗೇ ಸತ್ತಿತ್ತು. ಕಳೆ ಕಡಿಮೆಯಾಯಿತು ಎಂದು ಮೌನಿಗೆ ಸಿಕ್ಕ ಹೊಗಳಿಕೆಯಲ್ಲಿ ಅರ್ಧ ಬೌರವ್ವನಿಗೆ ಸೇರಬೇಕಾದದ್ದು. ತಾನು ಮಾಡಿದ್ದೇನು? ಆ ಸಾಲುಗಳನ್ನು ಕಿತ್ತೊಗೆದು, ಮೂಕ ಜೋಳವನ್ನಷ್ಟೇ ಎಂಬತ್ತು ಸಾವಿರ ಎಕರೆಗೆ ಹಂಚಿ, ಕರೆಯುವ ಪ್ರತಿಯೊಂದು ಗಿಡವನ್ನೂ ಉಗಿಯಲ್ಲಿ ಬೇಯಿಸುತ್ತ ಬಂದಳು. ನೆಗಡಿ ಬಂತೆಂದು ಮೂಗು ಕೊಯ್ದ ಹಾಗಾಯಿತು. ಎಂಟು ವರ್ಷದಿಂದ ಯಾರೂ ಕರೆಯದೆ, ಉಣಿಸದೆ, ಬೂಜು ಸತ್ತುಹೋಗಿತ್ತು. ಎಲೆಗಳ ನೇರಳೆ, ಹರಿಯುವ ರೊಟ್ಟಿ, ಎಲ್ಲ ಅದೇ.

ಮಹಾನಂದಾಳಿಗೆ ಮೊದಲು ಹೆದರಿಕೆಯಾಯಿತು, ಆಮೇಲೆ ನಾಚಿಕೆ. ನಿನ್ನೆ ಪರದೆಯ ಮೇಲೆ ಕಂಡ ಹಸಿರು ಕಣ್ಣಿಗೆ ಕಟ್ಟಿತು. ಗಡಿಯಾರ ನೋಡಿದಳು, ಏಳೂ ಕಾಲು. ಗಾಡಿ ನಿಲ್ಲಿಸುವ ಮೊದಲು ಆ ಬೇರನ್ನು ಕಣ್ಣಾರೆ ನೋಡಬೇಕೆಂದು, ಊಟದ ಡಬ್ಬಿಯನ್ನೂ ಮರೆತು ಸ್ಕೂಟರ್ ಹತ್ತಿದಳು.

ಕರಿಹಾಳದ ಹೊಲದ ಬದುವಿನ ಮೇಲೆ ಬೌರವ್ವ ಕುಂತಿದ್ದಳು. ಅರವತ್ತೈದು ದಾಟಿದ ಗಟ್ಟಿ ಜೀವ.

“ಬರ್ರಿ ಬಾಯಾರ,” ಎಂದಳು, ಏಳದೆ. “ಗಾಡಿ ಬರ್ತದಂತ ಫೋನಿಗೆ ಬಂದೈತಿ. ನೀವೂ ಬರ್ತೀರಿ ಅಂತ ಬಂದಿದ್ದಿಲ್ಲ.”

ಮಹಾನಂದಾ ಸಾಲುಗಳ ನಡುವೆ ತೂಗುತ್ತಿದ್ದ ನೀಲಿ ಹೂ ನೋಡಿದಳು. “ಅಗಸಿ ಬಿತ್ತೀಯೇನು, ಬೌರವ್ವಾ?”

“ಜ್ವಾಳ ಬಿತ್ತೀನ್ರೀ. ನಿಮ್ದ, ಮೌನಿ.”

“ಮತ್ತ ಇದು?”

“ಇದು ಅಕ್ಕಡಿ ಅಲ್ಲೇನ್ರೀ.” ಬೌರವ್ವ ಇದೂ ಒಂದು ಪ್ರಶ್ನೆಯೇ ಎಂಬಂತೆ ಅವಳ ಮುಖ ನೋಡಿದಳು. “ವರ್ಷಾ ಬಿತ್ತತೀನಿ. ಬೀಜ ಬೂದ್ಯಾಗ ಕಲಿಸಿ ಗಡಿಗ್ಯಾಗ ಇಟ್ಟೀನಿ. ಫಾರಮ್ಮಿನ್ಯಾಗ ಏನ್ ಬಿತ್ತೀ ಅಂತ ಕೇಳಿದ್ರು, ಜ್ವಾಳ ಅಂದೆ. ಅಕ್ಕಡಿ ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ. ನೀವಾರ ಎಲ್ಲಿ ಬರದಿದ್ರಿ?”

ಮಹಾನಂದಾ ಅವಳತ್ತ ಕೈ ಚಾಚಿದಳು. ಕುಡಗೋಲು ಇಸಿದುಕೊಂಡು ಕೂತು, ಪಕ್ಕದವರ ಹೊಲದಿಂದ ಒಂದು ಜೋಳದ ಗಿಡ ಎಬ್ಬಿಸಿದಳು. ಮಣ್ಣು ಜಾರಿಹೋಗಿ ಬೇರು ತೊಳೆದಿಟ್ಟ ಹಾಗೆ ಬೋಳಾಗಿ ಬಂತು. ಬೌರವ್ವನ ಹೊಲದಿಂದ ಇನ್ನೊಂದು ಎಬ್ಬಿಸಿದಳು. ಅದು ಮಣ್ಣನ್ನು ಬಿಡಲೊಲ್ಲದು, ಹೆಂಟೆಯನ್ನೇ ಅಪ್ಪಿಕೊಂಡು ಬಂತು. ಚೀಲದ ಮಸೂರ ತೆಗೆದು ಹಿಡಿದು ನೋಡಿದರೆ ಕಣಗಳ ನಡುವೆ ಬಿಳಿ ಎಳೆಗಳ ಬಲೆ. ಎಂಟು ವರ್ಷದ ಮೇಲೆ ಅವಳು ಅದನ್ನು ನೋಡುತ್ತಿದ್ದಳು. ಕಣ್ಣು ತುಂಬಿ ಬಂದು ಮಸೂರದಲ್ಲಿ ಏನೂ ಕಾಣದಂತಾಯಿತು.

ದೂರದ ದಾರಿಯಲ್ಲಿ ಉಗಿಗಾಡಿಯ ಸೀಟಿ ಕೇಳಿಸಿತು. ಅವಳು ಖಾಜಾಸಾಬನಿಗೆ ಫೋನು ಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು, ಗಾಡಿ ನಿಲ್ಲಿಸು ಎಂದಳು.

ಅವನು ಪರದೆಯ ಮೇಲೆ ಆದೇಶ ತೆರೆದು ನೋಡಿದ. “ಆದೇಶ ಹಿಂದಕ್ಕ ತಗೊಳ್ಳಾಕ ಕಾರಣ ಕೇಳ್ತೈತ್ರೀ ಮೇಡಂ. ಕೋಲ್ ಕೆಟ್ಟೈತಿ ಅಂತ ಒತ್ತಿದ್ರ ಗಾಡಿ ಈಗಿಂದೀಗ ತಿರುಗತೈತಿ.”

“ಒತ್ತು ಮತ್ತ.”

“ಒತ್ತಬಹುದ್ರೀ. ಆದ್ರ ಕೆಟ್ಟ ಕೋಲಿನ ಲೆಕ್ಕ ಇಟ್ಟಕೊಳ್ಳೂ ಹಂಗಿಲ್ಲ. ಒಂಬತ್ತು ದಿನದ ದಾಖಲೆ ಅಳಸಿ ಹೋಗತದ. ಬರೇ ಕರೆ ಅಷ್ಟ ಅಲ್ರೀ, ಮಣ್ಣಾಗ ರಂಜಕ ಎಷ್ಟ ಓಡ್ಯಾಡೈತಿ ಅನ್ನೂದೂ ಅದರಾಗ ಐತಿ. ಅದು ಹೋದ್ರ ಹನ್ನೊಂದು ಗಂಟೆಕ ನೀವು ಏನ್ ತೋರಸ್ತೀರಿ?”

“ಖರೇ ಕಾರಣ ಬರದ್ರ?”

“ಪ್ರಯೋಗದಾಗ ತಪ್ಪಾಗೈತಿ ಅಂತ ಬರದ ಗಳಿಗ್ಯಾಗ ನಿಮ್ಮ ಸಹಿ ನಡಿಯೂದಿಲ್ರೀ. ವಿಚಾರಣಿ ಮುಗಿಯೂತನಕ ನೀವು ಯಾವ ಆದೇಶಾನೂ ಮುಟ್ಟೂ ಹಂಗಿಲ್ಲ. ಗಾಡಿ ತನ್ನ ಪಾಡಿಗೆ ತಾ ಕೆಲಸ ಮಾಡತೈತಿ. ಆ ನಿಯಮ ನೀವ ಬರದದ್ದು, ಮೇಡಂ.” ಆಮೇಲೆ ದನಿ ತಗ್ಗಿಸಿ, “ಕೋಲ್ ಕೆಟ್ಟೈತಿ ಅಂತ ಒತ್ತಲೇನ್ರೀ? ನಿಮ್ಮ ಹೆಸರೂ ಉಳೀತೈತಿ,” ಎಂದ. ಅವನದು ಕೆಟ್ಟ ಮನಸ್ಸಲ್ಲ, ಇಷ್ಟು ವರ್ಷ ಅವಳ ಅನ್ನ ಉಂಡ ಋಣವಿತ್ತು.

ಮಹಾನಂದಾ ಹೊಲದ ಕಡೆ ನೋಡಿದಳು. ಸುಳ್ಳು ಹೇಳಿದರೆ ಈ ಒಂದೂವರೆ ಎಕರೆ ಉಳಿಯುತ್ತದೆ, ತಾನೂ ಉಳಿಯುತ್ತೇನೆ. ಆದರೆ ಹನ್ನೊಂದು ಗಂಟೆಗೆ ಬರಿಗೈಯಲ್ಲಿ ನಿಂತು ಬಾಯಿಮಾತು ಹೇಳಿದರೆ ಯಾರೂ ನಂಬುವುದಿಲ್ಲ, ಇನ್ನೂ ಮೂರು ಜಿಲ್ಲೆಯ ಮಣ್ಣು ಹೀಗೇ ಬೋಳಾಗುತ್ತದೆ. ನಿಜ ಹೇಳಿದರೆ ಆ ಜಿಲ್ಲೆಗಳು ಉಳಿಯಬಹುದು. ಕಣಿವೆಯಲ್ಲಿ ಬೂಜು ಬದುಕಿರುವ ಈ ಒಂದೇ ಹೊಲ ಬೇಯುತ್ತದೆ. ಅಂಥ ಕ್ಷಣದಲ್ಲೂ ಅವಳ ಮನಸ್ಸು ಮೊದಲು ಹುಡುಕಿದ್ದು ತಾನು ಪಾರಾಗುವ ದಾರಿಯನ್ನೇ. ಅದು ಅವಳಿಗೆ ಗೊತ್ತಾಯಿತು, ಗೊತ್ತಾಗಿ ಇನ್ನಷ್ಟು ಸಂಕಟವಾಯಿತು.

“ಬೌರವ್ವಾ,” ಎಂದು ಕರೆದು ಎರಡೂ ದಾರಿ ಬಿಡಿಸಿ ಹೇಳಿದಳು. “ಹೊಲ ನಿಂದು. ನೀ ಹೇಳು.”

ಬೌರವ್ವ ಬದುವಿನಿಂದ ಎದ್ದು ನಿಂತಳು. “ಅವತ್ತ ನನ್ನ ಕೆಲಸದಿಂದ ತಗದಾಗ ನೀವು ಕೇಳಲಿಲ್ಲ,” ಎಂದಳು. “ಇವತ್ತ ಕೇಳಾಕತ್ತೀರಿ, ಛಲೋ ಆತು. ನನ್ನ ಹೊಲದ ಕೋಲ್ ಕೆಟ್ಟಿಲ್ರೀ ಬಾಯಾರ. ಖರೇ ಅದನ್ನ ಹೇಳೈತಿ ಅದು. ಸುಳ್ಳು ಅನ್ನಬ್ಯಾಡ್ರಿ.” ಹೇಳುತ್ತ ಪಕ್ಕದ ಜೋಳದ ಎಲೆಯೊಂದನ್ನು ಸವರಿದಳು. ಕಣ್ಣ ಮುಂದೆ ಬೇಯುವುದು ಅವಳ ಹೊಟ್ಟೆಯ ಜೋಳವೇ ಅಲ್ಲವೇ.

“ಖಾಜಾಸಾಬ, ಬರಿ,” ಎಂದಳು ಮಹಾನಂದಾ. “ಪ್ರಯೋಗದಾಗ ಅಕ್ಕಡಿ ಸಾಲಿದ್ವು. ಅವನ್ನ ಕೀಳಿಸಿದಾಕಿ ನಾನು, ವರದಿಯಾಗ ಬರೀದ ಬಿಟ್ಟಾಕಿ ನಾನು. ಸಭೆಯವರಿಗೆಲ್ಲ ಕಳಿಸು. ಕೋಲಿನ ದಾಖಲೆ ಜೋಡಿಸು. ನನ್ನ ಟ್ರಂಕಿನ ಪುಸ್ತಕಾನೂ ತರಿಸಿಕೋ.”

ಆ ಕಡೆ ಕೀಲಿಮಣೆಯ ಸದ್ದು. ಆಮೇಲೆ ಖಾಜಾಸಾಬ, “ಹೋತ್ರೀ ಮೇಡಂ. ನಿಮ್ಮ ಹೆಸರು ಪರದೆ ಮ್ಯಾಲಿಂದ ಹೋತು,” ಎಂದು ಫೋನಿಟ್ಟ.

ಉಗಿಗಾಡಿ ಹೊಲಕ್ಕಿಳಿಯಿತು. ಮಹಾನಂದಾ ಓಡಿ ಹೋಗಿ ಅಡ್ಡ ನಿಂತಳು. ಅದು ನಿಂತು, ಅವಳನ್ನು ಬಳಸಿಕೊಂಡು, ಪಕ್ಕದ ಸಾಲಿನಿಂದ ಕೆಲಸ ಶುರು ಮಾಡಿತು. ಮಣ್ಣಿನಿಂದ ಬಿಸಿ ಎದ್ದು ಜೋಳದ ಎಲೆಗಳು ನಿಂತಲ್ಲೇ ಬಾಡಿ ಬಾಗಿದವು. ಬೇಯಿಸಿದ ಸೊಪ್ಪಿನ ವಾಸನೆ ಹೊಲದ ತುಂಬ ಹಬ್ಬಿತು. ಸುತ್ತಲ ಹೊಲದವರು ಬದುವಿನಲ್ಲಿ ನಿಂತು ನೋಡುತ್ತಿದ್ದರೇ ಹೊರತು ಯಾರೂ ಒಳಗೆ ಬರಲಿಲ್ಲ. ಚುಕ್ಕೆ ಬಿದ್ದ ಹೊಲದ ಹಿಡಿ ಮಣ್ಣು ಒಯ್ದರೂ ಅಪರಾಧ ಎಂದು ಎಲ್ಲರಿಗೂ ಗೊತ್ತಿತ್ತು. ಆ ನಿಯಮ ಬರೆದವಳೂ ಇವಳೇ.

ಬೌರವ್ವ ಕೊನೆಯ ಅಗಸೆ ಸಾಲಿನಲ್ಲಿ ಮೊಣಕಾಲೂರಿ ಕೂತು ಕುಡಗೋಲಿನಿಂದ ಬೇರು ಸಮೇತ ಮಣ್ಣು ಎಬ್ಬಿಸತೊಡಗಿದ್ದಳು. “ಬಾಯಾರ, ಅಲ್ಲಿ ನಿಂತ ಏನ್ ಮಾಡ್ತೀರಿ? ಬರ್ರಿ ಇಲ್ಲಿ. ಉಡಿ ಒಡ್ರಿ.”

ಮಹಾನಂದಾ ಬಂದು ಸೆರಗಿನ ಎರಡೂ ತುದಿ ಹಿಡಿದು ಉಡಿಯೊಡ್ಡಿ ಕೂತಳು. ಸಭೆಗೆಂದು ಉಟ್ಟಿದ್ದ ಇಳಕಲ್ ಸೀರೆ.

“ನನ್ನಂಥ ಗಂಡಸತ್ತಾಕಿ ಉಡಿ ತುಂಬಬಾರ್ದಂತಾರ,” ಎಂದಳು ಬೌರವ್ವ, ಹೆಂಟೆಯನ್ನು ಬೊಗಸೆಯಲ್ಲೆತ್ತಿ. “ಮಣ್ಣಿಗೆ ಅದೆಲ್ಲ ಏನ್ ಗೊತ್ತೈತಿ.”

ಒಂದು ಬೊಗಸೆ ಬಿತ್ತು, ಎರಡು ಬಿದ್ದವು. ಹಸಿ ಮಣ್ಣು, ಒಳಗೆಲ್ಲ ಬಿಳಿ ಎಳೆ. ಗಾಡಿ ಆರು ಸಾಲು ಆಚೆಗಿತ್ತು.

“ಇಷ್ಟ ಮಣ್ಣಿಲೆ ಇಡೀ ಡೋಣಿ ಮತ್ತ ಮದಲಿನಂಗ ಆಗಾಕ ಎಷ್ಟ ದಿನಾ ಬೇಕಾಗ್ತದ್ರೀ?” ಎಂದು ಕೇಳಿದಳು ಬೌರವ್ವ.

ಆ ಬೂಜು ವರ್ಷಕ್ಕೆ ಎಷ್ಟು ಮೊಳ ಹಬ್ಬುತ್ತದೆಂದು ಮಹಾನಂದಾಳಿಗೆ ಚೆನ್ನಾಗಿ ಗೊತ್ತಿತ್ತು. ಎಂಬತ್ತು ಸಾವಿರ ಎಕರೆಯೂ ಗೊತ್ತಿತ್ತು. ಇನ್ನು ಸುಳ್ಳು ಹೇಳುವ ಮನಸ್ಸಾಗಲಿಲ್ಲ.

“ನನ್ನ ಕಾಲಕ್ಕ ಆಗೂದಿಲ್ಲ ಬೌರವ್ವಾ,” ಎಂದಳು. “ನನ್ನ ಮಕ್ಕಳ ಕಾಲಕ್ಕೂ ಆಗ್ತದೋ ಇಲ್ಲೋ.”

ಬೌರವ್ವ ಗಾಡಿಯ ಕಡೆ ಒಮ್ಮೆ ನೋಡಿದಳು. “ಹಂಗಾರ ತಡೀರಿ,” ಎಂದಳು. “ಇನ್ನೊಂದು ಬೊಗಸಿ ಹಾಕ್ತೀನಿ.”